ಶಾಸನ ಪಿತಾಮಹ ಬಿ. ಎಲ್. ರೈಸ್

ಮಡಿಕೇರಿಯಿಂದ ಮೂರ್ನಾಡಿನ ಮಾರ್ಗವಾಗಿ ವಿರಾಜಪೇಟೆಗೆ ಸಾಗುವವರಿಗೆ ಹಾದಿಯುದ್ದಕ್ಕೂ ಕಾಫಿಯ ತೋಟ, ಬತ್ತದ ಗದ್ದೆ, ದೇವರಕಾಡುಗಳು ಕಾಣುತ್ತವೆ. ಕೊಡಗಿನ ಒಳನಾಡಿನಲ್ಲಿ ಅಲ್ಲಲ್ಲಿ ನೆಲವನ್ನು ಆಳವಾಗಿ ಅಗೆದು ಮಾಡಿದ ಹಳೆಯ ಕಡಂಗಗಳೂ ಕಣ್ಣಿಗೆ ಬೀಳುತ್ತವೆ. ಇದು ಬಹು ಪುರಾತನವಾದ ನಾಡೆಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಆದರೆ ಆ ಪುರಾತನತೆಗೆ ಒಂದು ಕಾಲವನ್ನು, ಒಬ್ಬ ಅರಸನ ಹೆಸರನ್ನು, ಒಂದು ದಾನದ ವಿವರವನ್ನು ಹೊಂದಿಸಿ ಹೇಳಬಲ್ಲವರು 150 ವರ್ಷಗಳ ಹಿಂದೆ ಇರಲಿಲ್ಲವೆಂದೇ ಹೇಳಬೇಕು. ಹಾಲೇರಿ ಅರಸರಿಗಿಂತ ಹಿಂದಿನ ಕೊಡಗಿನ ಇತಿಹಾಸವು ಪುರಾಣ ಮತ್ತು ಐತಿಹ್ಯಗಳಲ್ಲಿ ಬೆರೆತುಹೋಗಿತ್ತು. ಅದಕ್ಕೆ ಬೇಕಾದ ಆಧಾರಗಳು ಇದೇ ನೆಲದಲ್ಲಿ, ಗದ್ದೆಯ ಬದಿಯಲ್ಲಿಯೂ ಬಸದಿಯ ಅಂಗಳದಲ್ಲಿಯೂ, ಓದುವವರಿಲ್ಲದೆ ನಿಂತಿದ್ದವು. ಅವುಗಳನ್ನು ಅರಸಿ, ಓದಿ, ಅಚ್ಚುಮಾಡಿಸಿ ಲೋಕದ ಮುಂದಿಟ್ಟ ಮಹನೀಯರು ಬೆಂಜಮಿನ್ ಲೂಯಿ ರೈಸ್ ಅವರು. ಕನ್ನಡ ನಾಡು ಅವರನ್ನು ಶಾಸನ ಪಿತಾಮಹರೆಂದು ಗೌರವದಿಂದ ನೆನೆಯುತ್ತದೆ.

ಜನನ ಮತ್ತು ವಿದ್ಯಾಭ್ಯಾಸ

ರೈಸ್ ಅವರು ಆಂಗ್ಲ ದಂಪತಿಗಳ ಪುತ್ರರಾದರೂ ಜನಿಸಿದ್ದು ಬೆಂಗಳೂರಿನಲ್ಲಿ, 1837ರ ಜುಲೈ 17ರಂದು. ಅವರ ತಂದೆ ರೆವರೆಂಡ್ ಬೆಂಜಮಿನ್ ರೈಸ್ ಅವರು ಲಂಡನ್ ಮಿಷನ್ನಿನ ಪಾದ್ರಿಗಳಾಗಿ ಅದೇ ವರ್ಷ ಬೆಂಗಳೂರಿಗೆ ಬಂದವರು. ಅಂದಿನಿಂದ 1887ರಲ್ಲಿ ತಾವು ಕಾಲವಾಗುವವರೆಗೆ, ಅರ್ಧ ಶತಮಾನ ಕಾಲ, ಅವರು ಇಲ್ಲಿಯೇ ನೆಲೆಸಿದ್ದರು. ಕನ್ನಡವನ್ನು ಚೆನ್ನಾಗಿ ಅಭ್ಯಾಸಮಾಡಿ ಶಾಲೆಗಳನ್ನು ನಡೆಸಿದರು. ಹೆಣ್ಣುಮಕ್ಕಳಿಗೆ ಓದು ಕಲಿಸುವುದೆಂದರೆ ಜನರು ಹಿಂಜರಿಯುತ್ತಿದ್ದ ಆ ಕಾಲದಲ್ಲಿ ಅವರ ಪತ್ನಿಯು ಬಾಲಿಕೆಯರ ಶಿಕ್ಷಣಕ್ಕಾಗಿ ಶ್ರಮಿಸಿದರು. ಪುಸ್ತಕ, ಪಾಠ ಮತ್ತು ಕನ್ನಡ ಇವು ಮೂರೂ ತುಂಬಿದ್ದ ಇಂತಹ ಮನೆಯಲ್ಲಿ ರೈಸ್ ಅವರ ಬಾಲ್ಯ ಕಳೆಯಿತು. ಅವರ ತಮ್ಮ ಎಡ್ವರ್ಡ್ ಪೀಟರ್ ರೈಸ್ ಅವರೂ ಮುಂದೆ ಕನ್ನಡ ಸಾಹಿತ್ಯ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದು ಖ್ಯಾತರಾದುದನ್ನು ಇಲ್ಲಿ ಸ್ಮರಿಸಬಹುದು.

ಉಚ್ಚ ವಿದ್ಯಾಭ್ಯಾಸಕ್ಕಾಗಿ ಇಂಗ್ಲೆಂಡಿಗೆ ತೆರಳಿದ ರೈಸ್ ಅವರು ಅಲ್ಲಿಯೇ ನಿಲ್ಲಲಿಲ್ಲ. 1860ರಲ್ಲಿ, ತಮ್ಮ 23ನೆಯ ವಯಸ್ಸಿನಲ್ಲಿ, ಹುಟ್ಟಿದ ಊರಿಗೆ ಮರಳಿ ಬೆಂಗಳೂರು ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದರು. ಈ ಶಾಲೆಯೇ ಮುಂದೆ ಸೆಂಟ್ರಲ್ ಕಾಲೇಜೆಂದು ಪ್ರಸಿದ್ಧಿಗೆ ಬಂದಿತು. ಭಾರತದ ಪ್ರಾಚೀನ ಇತಿಹಾಸಕ್ಕೆ ಅಷ್ಟು ದೊಡ್ಡ ಕಾಣಿಕೆಯನ್ನು ಸಲ್ಲಿಸಿದ ವ್ಯಕ್ತಿಯ ವೃತ್ತಿಜೀವನವು ಪಾಠಶಾಲೆಯ ಕೊಠಡಿಯಲ್ಲಿ ಆರಂಭವಾಯಿತೆಂಬುದು ಅಧ್ಯಾಪಕ ವರ್ಗಕ್ಕೆ ಅಭಿಮಾನದ ಸಂಗತಿ.

ವಿದ್ಯಾಧಿಕಾರಿಯಾಗಿ

ಐದು ವರ್ಷಗಳ ಅಧ್ಯಾಪನದ ತರುವಾಯ ಅವರು ಶಾಲಾ ತನಿಖಾಧಿಕಾರಿಗಳಾದರು. ಆಗ ಮೈಸೂರು ಸಂಸ್ಥಾನವು ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. ಮೈಸೂರು ಮತ್ತು ಕೊಡಗು ಎರಡೂ ಸೀಮೆಗಳಿಗೆ ವಿದ್ಯಾ ಇಲಾಖೆ ಒಂದೇ ಆಗಿತ್ತು. 1868ರಲ್ಲಿ ರೈಸ್ ಅವರು ಹಂಗಾಮಿಯಾಗಿ ಆ ಇಲಾಖೆಯ ನಿರ್ದೇಶಕರಾಗಿದ್ದಾಗ ಹೋಬಳಿ ಶಾಲೆಗಳ ಯೋಜನೆಯನ್ನು ಸಿದ್ಧಪಡಿಸಿದರು. ಅದುವರೆಗೆ ಸರ್ಕಾರದ ಶಾಲೆಗಳು ಪಟ್ಟಣಗಳಲ್ಲಿಯೇ ಹೆಚ್ಚಾಗಿದ್ದವು. ಹಳ್ಳಿಯ ರೈತರ ಮಕ್ಕಳಿಗೂ ತಮ್ಮ ಹೋಬಳಿಯಲ್ಲಿಯೇ ಓದು ಬರಹ ಮತ್ತು ಲೆಕ್ಕ ಕನ್ನಡದಲ್ಲಿ ದೊರೆಯಬೇಕೆಂಬುದು ಈ ಯೋಜನೆಯ ತಿರುಳು. ಮೈಸೂರು ಸೀಮೆಯಲ್ಲಿ ಪ್ರಾಥಮಿಕ ಶಿಕ್ಷಣ ಹಳ್ಳಿಗಳಿಗೆ ಹರಡಲು ಇದು ಬುನಾದಿಯಾಯಿತು. ಮುಂದೆ 1882ರಲ್ಲಿ ಭಾರತ ಸರ್ಕಾರವು ಹಂಟರ್ ಅವರ ಅಧ್ಯಕ್ಷತೆಯಲ್ಲಿ ನೇಮಿಸಿದ ವಿದ್ಯಾ ಆಯೋಗಕ್ಕೆ ರೈಸ್ ಅವರೇ ಕಾರ್ಯದರ್ಶಿಗಳಾದರು. ಶಿಕ್ಷಣದ ವಿಷಯದಲ್ಲಿ ಅವರಿಗಿದ್ದ ಅನುಭವಕ್ಕೆ ಇದೇ ಸಾಕ್ಷಿ.

ಶಾಲೆಗಳ ತನಿಖೆಗಾಗಿ ಸಂಚರಿಸುವಾಗಲೇ ಅವರ ದೃಷ್ಟಿ ಶಾಸನಗಳ ಕಡೆಗೆ ಹರಿಯಿತು. ರೈಲು ಇನ್ನೂ ವಿರಳವಾಗಿದ್ದ ಕಾಲವದು. ಊರಿಂದೂರಿಗೆ ನಿಧಾನವಾಗಿ ಸಾಗಬೇಕು, ಹಳ್ಳಿಯಲ್ಲಿ ತಂಗಬೇಕು. ತಂಗಿದ ಊರಿನ ಗುಡಿಯ ಮುಂದೆ, ಕೆರೆಯ ಏರಿಯ ಮೇಲೆ, ಅಗಸೆಯ ಬಳಿ ಅಕ್ಷರ ಕೆತ್ತಿದ ಕಲ್ಲುಗಳು ನಿಂತಿರುತ್ತಿದ್ದವು. ಲಿಪಿಯ ರೂಪ ಶತಮಾನದಿಂದ ಶತಮಾನಕ್ಕೆ ಬದಲಾಗಿದ್ದುದರಿಂದ ಊರಿನ ವಿದ್ಯಾವಂತರಿಗೂ ಅವುಗಳನ್ನು ಓದಲು ಬರುತ್ತಿರಲಿಲ್ಲ. ಓದಲಾಗದ ಕಲ್ಲಿನ ಅಡಿಯಲ್ಲಿ ನಿಧಿಯಿದೆಯೆಂಬ ನಂಬಿಕೆ ಎಷ್ಟೋ ಕಡೆ ಅದನ್ನು ಕೀಳುವುದಕ್ಕೂ ಒಡೆಯುವುದಕ್ಕೂ ಕಾರಣವಾಗುತ್ತಿತ್ತು.

ಇದಕ್ಕೆ ಕೆಲವು ಕಾಲ ಮೊದಲು, 1865ರಲ್ಲಿ, ಮೇಜರ್ ಡಿಕ್ಸನ್ ಎಂಬ ಸೈನ್ಯಾಧಿಕಾರಿಯು ಸರ್ಕಾರದ ಆಜ್ಞೆಯಂತೆ ಮೈಸೂರು ಸೀಮೆಯ ಸುಮಾರು 150 ಶಾಸನಗಳ ಛಾಯಾಚಿತ್ರಗಳನ್ನು ತೆಗೆದಿದ್ದರು. ಚಿತ್ರಗಳೇನೋ ಸಿದ್ಧವಾದವು, ಅವುಗಳನ್ನು ಓದಿ ಅರ್ಥ ಹೇಳುವ ಕಾರ್ಯ ರೈಸ್ ಅವರ ಪಾಲಿಗೆ ಬಂದಿತು. ಅದರ ಫಲವಾಗಿ 1879ರಲ್ಲಿ ‘ಮೈಸೂರ್ ಇನ್‌ಸ್ಕ್ರಿಪ್ಷನ್ಸ್’ ಎಂಬ ಗ್ರಂಥ ಹೊರಬಂದಿತು. ಈ ನಡುವೆ ಮೈಸೂರು ಮತ್ತು ಕೊಡಗುಗಳ ಗ್ಯಾಸೆಟಿಯರನ್ನು ಮೂರು ಸಂಪುಟಗಳಲ್ಲಿ ಸಿದ್ಧಪಡಿಸುವ ಹೊಣೆಯನ್ನೂ ಅವರು ಪೂರೈಸಿದ್ದರು. ಅದರ ಮೂರನೆಯ ಸಂಪುಟ ಪೂರ್ತಿಯಾಗಿ ಕೊಡಗಿಗೆ ಮೀಸಲಾಗಿತ್ತು.

ಶಾಸನ ಸಂಪುಟಗಳು

1881ರಲ್ಲಿ ಮೈಸೂರು ಸಂಸ್ಥಾನವು ಒಡೆಯರ ಆಳ್ವಿಕೆಗೆ ಮರಳಿತು. ಸಂಸ್ಥಾನದಲ್ಲಿ ಪ್ರಾಚ್ಯಶೋಧನ ಇಲಾಖೆ ಸ್ಥಾಪಿತವಾದಾಗ, 1885ರಲ್ಲಿ, ಅದರ ನಿರ್ದೇಶಕತ್ವ ರೈಸ್ ಅವರಿಗೆ ದೊರೆಯಿತು. ಮೊದಲು ಇತರ ಕರ್ತವ್ಯಗಳೊಡನೆ ಇದನ್ನೂ ನಿರ್ವಹಿಸುತ್ತಿದ್ದ ಅವರು 1890ರಿಂದ ತಮ್ಮ ಪೂರ್ಣ ಕಾಲವನ್ನು ಇದಕ್ಕೇ ಮುಡಿಪಾಗಿಟ್ಟರು. ಸೀಮೆಯ ಪ್ರತಿಯೊಂದು ತಾಲ್ಲೂಕನ್ನೂ ಶೋಧಿಸಿ, ದೊರೆತ ಎಲ್ಲ ಶಾಸನಗಳನ್ನೂ ತಾಲ್ಲೂಕುವಾರು ಸಂಖ್ಯೆಗಳೊಡನೆ ಪ್ರಕಟಿಸಬೇಕೆಂಬುದು ಅವರ ಸಂಕಲ್ಪ. ಆ ಮಾಲೆಗೆ ‘ಎಪಿಗ್ರಾಫಿಯ ಕರ್ನಾಟಿಕ’ ಎಂದು ಹೆಸರಾಯಿತು.

ಈ ಮಹಾಮಾಲೆಯ ಪ್ರಥಮ ಸಂಪುಟವೇ 1886ರಲ್ಲಿ ಪ್ರಕಟವಾದ ಕೊಡಗಿನ ಶಾಸನಗಳು. ಎರಡನೆಯದು, 144 ಶಾಸನಗಳನ್ನೊಳಗೊಂಡ ಶ್ರವಣಬೆಳಗೊಳದ ಸಂಪುಟ, 1889ರಲ್ಲಿ ಬಂದಿತು. ಅನಂತರ ಮೈಸೂರು, ಹಾಸನ, ಕಡೂರು, ಶಿವಮೊಗ್ಗ, ಚಿತ್ರದುರ್ಗ, ತುಮಕೂರು, ಬೆಂಗಳೂರು, ಕೋಲಾರ ಜಿಲ್ಲೆಗಳ ಸಂಪುಟಗಳು ಹಿಂದೆ ಮುಂದೆಯಾಗಿ ಪ್ರಕಟವಾದವು. 1905ರ ವೇಳೆಗೆ ಹನ್ನೆರಡು ಸಂಪುಟಗಳು ಮುಗಿದವು. ಅವುಗಳಲ್ಲಿ ಅಡಕವಾದ ಶಾಸನಗಳ ಸಂಖ್ಯೆ 8869. ಮೂಲಪಾಠವನ್ನು ಕನ್ನಡ ಲಿಪಿಯಲ್ಲಿಯೂ ರೋಮನ್ ಲಿಪಿಯಲ್ಲಿಯೂ ಕೊಟ್ಟು, ಇಂಗ್ಲಿಷ್ ಅನುವಾದವನ್ನು ಸೇರಿಸಿ, ಮೊದಲಿಗೆ ಆಯಾ ಜಿಲ್ಲೆಯ ರಾಜವಂಶಗಳ ಚರಿತ್ರೆಯನ್ನು ಪೀಠಿಕೆಯಾಗಿ ಬರೆಯುವುದು ಅವರ ಕ್ರಮವಾಗಿತ್ತು.

ಒಂದು ಶಾಸನವನ್ನು ಪುಸ್ತಕಕ್ಕೆ ತರುವ ಶ್ರಮ ಎಂತಹುದೆಂಬುದನ್ನು ಅರಿಯದೆ ಈ ಸಂಖ್ಯೆಯ ಹಿರಿಮೆ ತಿಳಿಯದು. ಕಲ್ಲಿನ ಮೇಲಿನ ಪಾಚಿಯನ್ನೂ ಸುಣ್ಣವನ್ನೂ ತೊಳೆದು, ಒದ್ದೆ ಕಾಗದವನ್ನು ಹೊದಿಸಿ, ಕಾಗದವು ಅಕ್ಷರಗಳ ಕುಳಿಗೆ ಇಳಿಯುವಂತೆ ಕುಂಚದಿಂದ ಬಡಿದು, ಮೇಲೆ ಮಸಿಯನ್ನು ಒತ್ತಿದರೆ ಅಕ್ಷರಗಳು ಬಿಳಿದಾಗಿ ಮೂಡುತ್ತವೆ. ಇದನ್ನು ಪಡಿಯಚ್ಚೆನ್ನುತ್ತಾರೆ. ಕಾಗದ ಒಣಗುವ ಮೊದಲೇ ಮಳೆ ಬಂದರೆ ಕೆಲಸವೆಲ್ಲ ವ್ಯರ್ಥ. ಕೊಡಗಿನಂತಹ ನಾಡಿನಲ್ಲಿ ಇದಕ್ಕೆ ವರ್ಷದಲ್ಲಿ ಕೆಲವೇ ತಿಂಗಳುಗಳು ಅನುಕೂಲ. ಪಡಿಯಚ್ಚು ಸಾಧ್ಯವಾಗದ ಕಡೆ ಅಕ್ಷರ ಅಕ್ಷರವನ್ನೂ ನೋಡಿ ಬರೆದುಕೊಳ್ಳಬೇಕು. ಈ ಕಾರ್ಯದಲ್ಲಿ ಸಂಸ್ಕೃತ ಮತ್ತು ಹಳಗನ್ನಡಗಳನ್ನು ಬಲ್ಲ ಅನೇಕ ಪಂಡಿತರು ರೈಸ್ ಅವರಿಗೆ ನೆರವಾದರು. ‘ಕರ್ಣಾಟಕ ಕವಿಚರಿತೆ’ಯಿಂದ ಪ್ರಸಿದ್ಧರಾದ ಆರ್. ನರಸಿಂಹಾಚಾರ್ಯರು 1899ರಲ್ಲಿ ಅವರ ಸಹಾಯಕರಾಗಿ ಸೇರಿ, 1906ರಲ್ಲಿ ಅವರ ಸ್ಥಾನವನ್ನೇ ತುಂಬಿದರು.

ಮೌರ್ಯರಿಂದ ಗಂಗರವರೆಗೆ

ರೈಸ್ ಅವರ ಶೋಧನೆಗಳಲ್ಲಿ ಅತ್ಯಂತ ಕೀರ್ತಿಯನ್ನು ತಂದದ್ದು 1892ರಲ್ಲಿ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ಧಾಪುರ, ಜಟಿಂಗ ರಾಮೇಶ್ವರ ಬೆಟ್ಟಗಳಲ್ಲಿ ದೊರೆತ ಅಶೋಕನ ಶಾಸನಗಳು. ಮೌರ್ಯ ಚಕ್ರವರ್ತಿಯ ಆಜ್ಞೆ ಕನ್ನಡ ನೆಲದವರೆಗೂ ನಡೆಯುತ್ತಿತ್ತೆಂಬುದಕ್ಕೆ ಅದಕ್ಕೆ ಮೊದಲು ಇಂತಹ ಪ್ರತ್ಯಕ್ಷ ಆಧಾರವಿರಲಿಲ್ಲ. ಇಸಿಲವೆಂಬ ಪಟ್ಟಣದ ಅಧಿಕಾರಿಗಳನ್ನು ಉದ್ದೇಶಿಸಿದ ಆ ಶಾಸನಗಳನ್ನು ಬರೆದ ಲಿಪಿಕಾರನ ಹೆಸರು ಚಪಡ. ಆತ ತನ್ನ ವೃತ್ತಿಯ ಹೆಸರನ್ನು ವಾಯವ್ಯ ಭಾರತದಲ್ಲಿ ಬಳಕೆಯಲ್ಲಿದ್ದ, ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಎರಡು ಸಾವಿರ ವರ್ಷಗಳಿಗೂ ಹಿಂದೆ ಅಷ್ಟು ದೂರದ ಸೀಮೆಯ ಲಿಪಿಯನ್ನು ಬಲ್ಲವನೊಬ್ಬನು ಚಿತ್ರದುರ್ಗದ ಬಂಡೆಗಳ ನಡುವೆ ಕುಳಿತು ಬರೆದನೆಂಬುದು ಈ ಶೋಧನೆಯಿಂದ ತಿಳಿದುಬಂದಿತು.

ತಾಳಗುಂದದ ಕಂಬದ ಶಾಸನ ಬೆಳಕಿಗೆ ಬಂದುದರಿಂದ ಕದಂಬ ವಂಶದ ಮೂಲಪುರುಷ ಮಯೂರಶರ್ಮನು ಕಂಚಿಯಲ್ಲಿ ಅಪಮಾನ ಹೊಂದಿ ಶಸ್ತ್ರ ಹಿಡಿದ ವೃತ್ತಾಂತ ಲಭ್ಯವಾಯಿತು. ಮದ್ದೂರು ಸೀಮೆಯ ಆತಕೂರಿನ ಕಲ್ಲು ಮತ್ತೊಂದು ಬಗೆಯದು. 949ರ ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಕೃಷ್ಣನೂ ಗಂಗ ಬೂತುಗನೂ ಚೋಳ ರಾಜಾದಿತ್ಯನನ್ನು ಸೋಲಿಸಿದ ಸಂಗತಿ ಅದರಲ್ಲಿದೆ. ಅದರೊಡನೆಯೇ, ವೀರ ಮಣಲೆರನು ಬಹುಮಾನವಾಗಿ ಪಡೆದ ಕಾಳಿಯೆಂಬ ನಾಯಿಯು ಹಂದಿಯೊಡನೆ ಹೋರಾಡಿ ಮಡಿದುದೂ, ಅದರ ನೆನಪಿಗೆ ನಿಲ್ಲಿಸಿದ ಕಲ್ಲಿಗೆ ಭೂಮಿ ಬಿಟ್ಟುದೂ ದಾಖಲಾಗಿವೆ. ಸಾಮ್ರಾಟರ ಜಯವನ್ನೂ ಒಂದು ನಾಯಿಯ ನಿಷ್ಠೆಯನ್ನೂ ರೈಸ್ ಅವರು ಒಂದೇ ಶ್ರದ್ಧೆಯಿಂದ ಓದಿ ಪ್ರಕಟಿಸಿದರು.

ಕಲ್ಲಿನ ಓದು ಅವರನ್ನು ಓಲೆಗರಿಗಳ ಕಡೆಗೂ ಒಯ್ದಿತು. ಹಳಗನ್ನಡದ ಎಷ್ಟೋ ಕಾವ್ಯಗಳು ಮಠ ಮತ್ತು ಬಸದಿಗಳ ಭಂಡಾರಗಳಲ್ಲಿ ಕಟ್ಟುಗಳಾಗಿ ಉಳಿದಿದ್ದವು. ‘ಬಿಬ್ಲಿಯೊಥೆಕ ಕರ್ನಾಟಿಕ’ ಎಂಬ ಮಾಲೆಯನ್ನು ಆರಂಭಿಸಿ 1884ರಲ್ಲಿ ನಾಗವರ್ಮನ ‘ಕರ್ಣಾಟಕ ಭಾಷಾಭೂಷಣ’ವನ್ನೂ 1898ರಲ್ಲಿ ಪಂಪಭಾರತವನ್ನೂ ಅವರು ಅಚ್ಚುಮಾಡಿಸಿದರು. ಇಂದು ಶಾಲೆಯ ಮಕ್ಕಳೂ ಹೆಸರು ಬಲ್ಲ ಆದಿಕವಿಯ ಕಾವ್ಯವು ಅಚ್ಚಿನಲ್ಲಿ ಕೈಗೆ ಸಿಕ್ಕಿದ್ದು ಹೀಗೆ.

ಕೊಡಗಿನ ಇತಿಹಾಸ

ಕೊಡಗಿಗೆ ಅವರಿಂದಾದ ಉಪಕಾರವನ್ನು ಪ್ರತ್ಯೇಕವಾಗಿ ಹೇಳಬೇಕು. ಬಿಳಿಯೂರಿನ ಕಲ್ಲಿನ ಕಾಲ 888. ಗಂಗ ಅರಸ ಸತ್ಯವಾಕ್ಯ ಪೆರ್ಮಾನಡಿಯು ಪೆನ್ನೆಕಡಂಗದ ಸತ್ಯವಾಕ್ಯ ಜಿನಾಲಯಕ್ಕಾಗಿ ಬಿಳಿಯೂರಿನ ಹನ್ನೆರಡು ಹಳ್ಳಿಗಳನ್ನು ದಾನ ಮಾಡಿದನೆಂದು ಅದು ತಿಳಿಸುತ್ತದೆ. ಊರ ಹೆಸರಿನಲ್ಲಿಯೇ ಕಡಂಗವೆಂಬ ಮಾತಿರುವುದು ಗಮನಾರ್ಹ. ಕೊಡಗಿನವರಿಗೆ ನಿತ್ಯ ಪರಿಚಿತವಾದ ಈ ಮಾತು 1100 ವರ್ಷಗಳ ಹಿಂದೆಯೂ ಇಲ್ಲಿ ಬಳಕೆಯಲ್ಲಿತ್ತೆಂದಾಯಿತು. ಪೆಗ್ಗೂರಿನ ಶಾಸನವು ಸುಮಾರು 977ರದು. ರಕ್ಕಸಗಂಗನು ಬೆದ್ದೊರೆಗರೆಯನ್ನು ಆಳುತ್ತಿದ್ದ ಕಾಲದ್ದು. ಶನಿವಾರಸಂತೆಯ ಬಳಿಯ ಮುಳ್ಳೂರಿನ ಬಸದಿಗಳ ಶಾಸನಗಳಿಂದ ಉತ್ತರ ಕೊಡಗನ್ನಾಳಿದ ಕೊಂಗಾಳ್ವ ವಂಶದವರ ಹೆಸರುಗಳೂ, ಪೋಚಬ್ಬರಸಿಯಂತಹ ರಾಣಿಯರ ಧರ್ಮಕಾರ್ಯಗಳೂ ತಿಳಿದುಬಂದವು. ಚಂಗಾಳ್ವರ ಚರಿತ್ರೆಗೂ ಕ್ರಮ ಬಂದಿತು. ವೀರಶೈವರಾದ ಹಾಲೇರಿ ಅರಸರ ಶಾಸನಗಳೂ ಈ ಸಂಪುಟದಲ್ಲಿ ಸೇರಿದವು. ಹೀಗೆ ಜೈನ ಬಸದಿ, ಶಿವಾಲಯ, ವೀರಶೈವ ಮಠ ಎಂಬ ಭೇದವಿಲ್ಲದೆ ಈ ನಾಡಿನ ದಾನಿಗಳೆಲ್ಲರೂ ಒಂದೇ ಗ್ರಂಥದಲ್ಲಿ ಸ್ಥಾನ ಪಡೆದರು.

ಮಡಿಕೇರಿ ತಾಮ್ರಪಟದ ವಿವಾದ

ಆದರೆ ರೈಸ್ ಅವರ ಜೀವನದ ಅತಿ ದೊಡ್ಡ ವಿವಾದಕ್ಕೂ ಕೊಡಗಿನ ಶಾಸನವೊಂದು ಕಾರಣವಾಯಿತು. ಮಡಿಕೇರಿಯ ತಾಮ್ರಪಟಗಳೆಂದು ಹೆಸರಾದ ಇವುಗಳನ್ನು ಅವರು 1872ರಲ್ಲಿಯೇ ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಗಂಗ ಅರಸ ಅವಿನೀತನ ಹೆಸರಿನಲ್ಲಿರುವ ಈ ದಾನಪತ್ರದಲ್ಲಿ 388ನೆಯ ವರ್ಷದ ಉಲ್ಲೇಖವಿದೆ. ಅದನ್ನು ಶಕವರ್ಷವೆಂದು ತಿಳಿದರೆ ಕ್ರಿ. ಶ. 466 ಆಗುತ್ತದೆ. ರೈಸ್ ಅವರು ಇದನ್ನೂ ಇಂತಹ ಇತರ ತಾಮ್ರಪಟಗಳನ್ನೂ ನಂಬಿ ಗಂಗ ವಂಶದ ಪ್ರಾಚೀನ ಚರಿತ್ರೆಯನ್ನು ಕಟ್ಟಿದರು.

ಮುಂಬಯಿ ಪ್ರಾಂತದ ಅಧಿಕಾರಿಯೂ ಆ ಕಾಲದ ಉದ್ದಾಮ ಶಾಸನತಜ್ಞರೂ ಆದ ಜೆ. ಎಫ್. ಫ್ಲೀಟ್ ಅವರು ಇದನ್ನು ಒಪ್ಪಲಿಲ್ಲ. ಗಂಗರ ಹಳೆಯ ತಾಮ್ರಪಟಗಳೆಲ್ಲ ಮುಂದಿನ ಕಾಲದವರು ಸೃಷ್ಟಿಸಿದ ಕೃತಕ ಪತ್ರಗಳೆಂಬುದು ಅವರ ವಾದ. ಮಡಿಕೇರಿಯ ಪಟದಲ್ಲಿ ಅಕಾಲವರ್ಷನೆಂಬ ಅರಸನ ಹೆಸರು ಬರುತ್ತದೆ. ಅದು ರಾಷ್ಟ್ರಕೂಟರ ಬಿರುದು. ರಾಷ್ಟ್ರಕೂಟರು ಪ್ರಬಲರಾದದ್ದು 8ನೆಯ ಶತಮಾನದಲ್ಲಿ. ಅಕ್ಷರಗಳ ರೂಪವೂ 5ನೆಯ ಶತಮಾನಕ್ಕೆ ಹೊಂದದು. ಈ ಆಕ್ಷೇಪಗಳು ಹಗುರವಾದುವಲ್ಲ. ಇಬ್ಬರು ವಿದ್ವಾಂಸರ ನಡುವಣ ಈ ಚರ್ಚೆ ದಶಕಗಳ ಕಾಲ ನಡೆಯಿತು. ಫ್ಲೀಟ್ ಅವರ ವಾದವೇ ಪೂರ್ತಿಯಾಗಿ ಗೆದ್ದಿದ್ದರೆ ಗಂಗರ ಮೊದಲ ಕೆಲವು ಶತಮಾನಗಳು ಇತಿಹಾಸದಿಂದ ಅಳಿಸಿಹೋಗಬೇಕಾಗಿತ್ತು.

ಕೊನೆಗೆ ತೀರ್ಪು ದೊರೆತದ್ದು ಹೊಸ ಆಧಾರಗಳಿಂದ. ಪೆನುಕೊಂಡೆಯಲ್ಲಿ ದೊರೆತ ಗಂಗ ಮಾಧವನ ತಾಮ್ರಪಟಗಳು ನೈಜವೆಂಬುದನ್ನು ಫ್ಲೀಟ್ ಅವರೇ ತಮ್ಮ ಕೊನೆಯ ವರ್ಷಗಳಲ್ಲಿ ಒಪ್ಪಿದರು. ಗಂಗ ವಂಶದ ಪ್ರಾಚೀನತೆಯ ವಿಷಯದಲ್ಲಿ ರೈಸ್ ಅವರ ನಿಲುವಿಗೆ ಮನ್ನಣೆ ದೊರೆಯಿತು. ಆದರೆ ಮಡಿಕೇರಿಯ ಪಟದ ಮಟ್ಟಿಗೆ ಮುಂದಿನ ವಿದ್ವಾಂಸರು ಬಹುಮಟ್ಟಿಗೆ ಫ್ಲೀಟರ ಪಕ್ಷವನ್ನೇ ಹಿಡಿದರು. ಅದು ಮುಂದಿನ ಕಾಲದಲ್ಲಿ ಬರೆಸಿದ ಪತ್ರವೆಂಬುದೇ ಈಗ ಸಾಮಾನ್ಯವಾದ ಅಭಿಪ್ರಾಯ. ಇಟ್ಟಿಗೆಯೊಂದು ದುರ್ಬಲವಾಗಿದ್ದರೂ ಕಟ್ಟಡ ನಿಂತಿತು. ಎಂಟು ಸಾವಿರಕ್ಕೂ ಮಿಕ್ಕಿ ಶಾಸನಗಳನ್ನು ಓದಿದವರಲ್ಲಿ ಕೆಲವು ತಪ್ಪುಗಳು ಉಳಿದುದು ಆಶ್ಚರ್ಯವಲ್ಲ. ಮೂಲಪಾಠವನ್ನೇ ಎಲ್ಲರ ಮುಂದಿಟ್ಟುದರಿಂದ ಆ ತಪ್ಪುಗಳನ್ನು ತಿದ್ದುವ ಸಾಧನವನ್ನೂ ಅವರೇ ಒದಗಿಸಿದಂತಾಯಿತು.

ಕೊನೆಯ ವರ್ಷಗಳು

1906ರಲ್ಲಿ, 69ನೆಯ ವಯಸ್ಸಿನಲ್ಲಿ, ರೈಸ್ ಅವರು ನಿವೃತ್ತರಾಗಿ ಇಂಗ್ಲೆಂಡಿಗೆ ತೆರಳಿದರು. ನಿವೃತ್ತಿಯ ಅನಂತರವೂ ಲೇಖನಿ ವಿಶ್ರಮಿಸಲಿಲ್ಲ. ತಮ್ಮ ಜೀವಮಾನದ ಶೋಧನೆಯ ಸಾರವನ್ನೆಲ್ಲ ಸಂಗ್ರಹಿಸಿ ‘ಮೈಸೂರ್ ಅಂಡ್ ಕೂರ್ಗ್ ಫ್ರಮ್ ದಿ ಇನ್‌ಸ್ಕ್ರಿಪ್ಷನ್ಸ್’ ಎಂಬ ಗ್ರಂಥವನ್ನು 1909ರಲ್ಲಿ ಪ್ರಕಟಿಸಿದರು.

ಇದಾದ ಮೇಲೆ ಅವರು ಕೈಗೆತ್ತಿಕೊಂಡ ಕಾರ್ಯ ಅವರ ಸ್ವಭಾವವನ್ನು ಚೆನ್ನಾಗಿ ತೋರಿಸುತ್ತದೆ. ತಮ್ಮ ಮಾಲೆಯ ಮೊದಲನೆಯ ಸಂಪುಟವಾದ ಕೊಡಗಿನ ಶಾಸನಗಳು ಅಪೂರ್ಣವೆಂದು ಅವರಿಗೆ ತೋರಿತ್ತು. ಅದು ಪ್ರಕಟವಾದ ಮೇಲೆ ಹೊಸ ಶಾಸನಗಳು ದೊರೆತಿದ್ದವು. ಹಳೆಯ ಪಾಠಗಳಲ್ಲಿ ತಿದ್ದಬೇಕಾದುವಿದ್ದವು. ಆ ಸಂಪುಟವನ್ನು ಮತ್ತೆ ಮೊದಲಿನಿಂದ ಪರಿಷ್ಕರಿಸಿ, ಬಹುವಾಗಿ ವಿಸ್ತರಿಸಿ, 1914ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದರು. ಆಗ ಅವರ ವಯಸ್ಸು 77ರ ಸಮೀಪ. ಹೀಗೆ ಯಾವ ನಾಡಿನಿಂದ ಅವರ ಮಹಾಕಾರ್ಯ ಆರಂಭವಾಯಿತೋ ಅದೇ ನಾಡಿಗೆ ಮರಳಿ ಅದು ಮುಕ್ತಾಯಗೊಂಡಿತು. 1927ರ ಜುಲೈ 10ರಂದು, 90 ವರ್ಷಗಳು ತುಂಬಲು ಒಂದು ವಾರ ಮಾತ್ರ ಉಳಿದಿರುವಾಗ, ಇಂಗ್ಲೆಂಡಿನ ಹ್ಯಾರೋ ಎಂಬಲ್ಲಿ ರೈಸ್ ಅವರು ಕಾಲವಾದರು.

ಅವರು ಹಾಕಿಕೊಟ್ಟ ಹಾದಿಯಲ್ಲಿ ಕಾರ್ಯ ಮುಂದುವರಿಯಿತು. ಶ್ರವಣಬೆಳಗೊಳದ ಸಂಪುಟವನ್ನು ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿದಾಗ 144 ಶಾಸನಗಳು 500 ಆದವು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ಇಡೀ ಮಾಲೆಯನ್ನು ಹೊಸದಾಗಿ ಸಂಪಾದಿಸಲು ತೊಡಗಿದಾಗ, 1972ರಲ್ಲಿ ಮೊದಲು ಹೊರಬಂದದ್ದು ಮತ್ತೆ ಕೊಡಗಿನ ಸಂಪುಟವೇ.

ಪ್ರಾಚೀನರು ದಾನವನ್ನು ಕಲ್ಲಿನಲ್ಲಿ ಕೆತ್ತಿಸುವಾಗ ಅದು ಚಂದ್ರಸೂರ್ಯರಿರುವವರೆಗೆ ನಿಲ್ಲಲೆಂದು ಹಾರೈಸುತ್ತಿದ್ದರು. ಕಲ್ಲು ಉಳಿದರೂ ಓದುವವರಿಲ್ಲದಿದ್ದರೆ ಆ ಹಾರೈಕೆ ಫಲಿಸದು. ಬಿಳಿಯೂರಿನ ಹನ್ನೆರಡು ಹಳ್ಳಿಗಳ ದಾನವೂ ಪೋಚಬ್ಬರಸಿಯ ಭಕ್ತಿಯೂ ಶತಮಾನಗಳ ಮೌನದ ಬಳಿಕ ಮತ್ತೆ ಜನರ ಅರಿವಿಗೆ ಬಂದುದು ಒಬ್ಬ ಶಾಲಾ ಉಪಾಧ್ಯಾಯರ ತಾಳ್ಮೆಯಿಂದ. ತಮ್ಮ ಮೊದಲ ಗ್ರಂಥದ ಕೊರತೆಗಳನ್ನು ಇಳಿವಯಸ್ಸಿನಲ್ಲಿ ತಾವೇ ತಿದ್ದಿ ಬರೆದ ಅವರ ಪ್ರಾಮಾಣಿಕತೆ ಕಲಿಯುವವರಿಗೂ ಕಲಿಸುವವರಿಗೂ ಮಾದರಿ. ಗದ್ದೆಯ ಬದಿಯಲ್ಲಿ ಬರಹವಿರುವ ಕಲ್ಲೊಂದು ಕಂಡಾಗ ಅದನ್ನು ಕೀಳದೆ, ಒಡೆಯದೆ, ಬಲ್ಲವರಿಗೆ ತಿಳಿಸಿ ಕಾಪಾಡುವುದೇ ಆ ಹಿರಿಯರಿಗೆ ಈ ನಾಡು ಸಲ್ಲಿಸಬಹುದಾದ ಯೋಗ್ಯವಾದ ಗೌರವ.